ಸಂಬಳಕ್ಕೆ ಕನ್ನ ಹಾಕುವ ಮಂದಿ

ರಾತ್ರಿ ಬ್ಯಾಂಕಿಗೆ ಕನ್ನ ಹಾಕಿದ ತಂಡದ ಮುಖಂಡ ಬೆಳಿಗ್ಗೆ ಅದೇ ಬ್ಯಾಂಕಿಗೆ ಬರುತ್ತಾನೆ. ಕೈಯಲ್ಲಿ ನೋಟು ತುಂಬಿದ ಪೆಟ್ಟಿಗೆ. ನೇರವಾಗಿ ಅಧಿಕಾರಿಗಳ ಸಭೆಗೇ ಹೋಗಿ ಪೆಟ್ಟಿಗೆಯನ್ನು ಮೇಜಿನ ಮೇಲಿಡುತ್ತಾನೆ. ಬ್ಯಾಂಕಿನ ಭದ್ರತೆ ಎಲ್ಲೆಲ್ಲಿ ಸೋರುತ್ತಿದೆ ಎಂದು ತಿಳಿಸುತ್ತಾನೆ. ಅಧಿಕಾರಿಗಳು ಪೊಲೀಸರನ್ನು ಕರೆಯುವುದಿಲ್ಲ, ಚೆಕ್ ಬರೆಸಿಕೊಡುತ್ತಾರೆ! ಚೆಕ್ ಕೊಡುವ ಗುಮಾಸ್ತೆಗೆ ಈ ಉದ್ಯೋಗವೇ ಅರ್ಥವಾಗುವುದಿಲ್ಲ. ಯಾರೂ ಒಳಗೆ ನುಗ್ಗಬಾರದೆಂದು ಖಾತ್ರಿ ಮಾಡಿಕೊಳ್ಳಲು ನಿಮ್ಮನ್ನೇ ಕರೆಸಿ ಒಳಗೆ ನುಗ್ಗಿಸುತ್ತಾರಾ ಎಂದು ಕೇಳುತ್ತಾಳೆ. ಏನೋ ಹೊಟ್ಟೆಪಾಡು ಎನ್ನುತ್ತಾನೆ ಆತ. ಚೆಕ್ಕಿನ ಮೊತ್ತ ನೋಡಿದ ಅವಳು, ಹೊಟ್ಟೆಪಾಡಿಗೂ ಇದು ಸಾಲದು ಎಂಬರ್ಥದ ಮಾತು ಹೇಳಿಯೂ ಬಿಡುತ್ತಾಳೆ.

1992ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಸ್ನೀಕರ್ಸ್’ ಚಿತ್ರ ತನ್ನ ಆರಂಭದ ದೃಶ್ಯಗಳಲ್ಲೇ ಪ್ರೇಕ್ಷಕನನ್ನು ಹೀಗೆ ನಗಿಸಿ ಜೊತೆಗೆ ಕರೆದುಕೊಳ್ಳುತ್ತದೆ. ಹೆಸರಿಗೇ ಎರಡು ಅರ್ಥ. ಸದ್ದು ಮಾಡದ ರಬ್ಬರ್ ಅಟ್ಟೆಯ ಬೂಟು ಒಂದು, ಕಳ್ಳಹೆಜ್ಜೆಯಲ್ಲಿ ನುಸುಳುವವರು ಇನ್ನೊಂದು. ಕಂಪ್ಯೂಟರ್ ಕಳ್ಳತನದ ಕಥೆಯನ್ನು ಇಷ್ಟು ಹಗುರವಾಗಿ, ರಕ್ತಪಾತದ ಅಬ್ಬರವಿಲ್ಲದೆ ಹೇಳಿದ ಚಿತ್ರಗಳು ಕಡಿಮೆ. ಮೂವತ್ತು ವರ್ಷ ದಾಟಿದರೂ ಇದನ್ನು ನೋಡುವವರಿದ್ದಾರೆ, ನೋಡಿ ಜಗಳವಾಡುವವರೂ ಇದ್ದಾರೆ.

ಜಗಳ ಹೊಸದೇನಲ್ಲ. ಹ್ಯಾಕರ್‌ಗಳ ಚಿತ್ರ ಯಾವ ಮನೆಯಲ್ಲಿ ನಡೆದರೂ ಎರಡು ಪಕ್ಷಗಳು ಹುಟ್ಟುತ್ತವೆ. ಮಕ್ಕಳಿಗೆ ಅದು ‘ಸಖತ್’. ಹೆತ್ತವರಿಗೆ ಆತಂಕ: ಇದನ್ನು ನೋಡಿ ಹುಡುಗ ಏನು ಕಲಿತಾನು? ನಡುವೆ ಮೂರನೆಯದೊಂದು ಪಕ್ಷವೂ ಇದೆ. ಕಂಪ್ಯೂಟರ್ ಓದಿದ ಅಣ್ಣನೋ ಅಕ್ಕನೋ ಇದ್ದರೆ, ಇದೆಲ್ಲ ಬರೀ ಬೊಗಳೆ, ಹೀಗೆಲ್ಲ ಆಗುವುದೇ ಇಲ್ಲ ಎಂದು ಮೂಗು ಮುರಿಯುತ್ತಾರೆ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಮನೆಗಳಲ್ಲೂ ಈಗ ಸಿನಿಮಾ ಅಂಗೈಯ ಫೋನಿಗೇ ಬರುವುದರಿಂದ ಈ ಮೂರು ಪಕ್ಷಗಳ ವಾದ ಪೇಟೆಗಷ್ಟೇ ಸೇರಿದ್ದಲ್ಲ.

ಕೇಕು, ಬಲೂನು ಮತ್ತು ಕಸದ ಚೀಲ

ಕಥೆ ಚಿಕ್ಕದು. 1969ರಲ್ಲಿ ಇಬ್ಬರು ಕಾಲೇಜು ಗೆಳೆಯರು ಮಾರ್ಟಿನ್ ಮತ್ತು ಕಾಸ್ಮೊ ಕಂಪ್ಯೂಟರ್ ಮೂಲಕ ಉಳ್ಳವರ ಹಣವನ್ನು ತಮಗೆ ಸರಿಕಂಡ ಸಂಘಟನೆಗಳಿಗೆ ದಾಟಿಸುವ ಆಟವಾಡುತ್ತಾರೆ. ಮಾರ್ಟಿನ್ ತಿಂಡಿ ತರಲೆಂದು ಹೊರಗೆ ಹೋದಾಗಲೇ ಪೊಲೀಸರು ಬರುತ್ತಾರೆ. ಕಾಸ್ಮೊ ಸೆರೆಮನೆಗೆ, ಮಾರ್ಟಿನ್ ತಲೆಮರೆಸಿಕೊಂಡು ಬೇರೆ ಹೆಸರಿಗೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ ಸ್ಯಾನ್‌ ಫ್ರಾನ್ಸಿಸ್ಕೊದಲ್ಲಿ ಮಾರ್ಟಿನ್ ಒಂದು ಚಿಕ್ಕ ತಂಡ ಕಟ್ಟಿಕೊಂಡು ಸಂಬಳಕ್ಕೆ ಕನ್ನ ಹಾಕುತ್ತಿದ್ದಾನೆ. ಸರ್ಕಾರದ ಗುಪ್ತ ಸಂಸ್ಥೆಯವರೆಂದು ಹೇಳಿಕೊಂಡ ಇಬ್ಬರು ಅವನ ಹಳೆಯ ಗುಟ್ಟು ತೋರಿಸಿ ಬೆದರಿಸಿ, ಗಣಿತಜ್ಞನೊಬ್ಬನ ಬಳಿಯಿರುವ ಕಪ್ಪು ಪೆಟ್ಟಿಗೆಯೊಂದನ್ನು ಕದ್ದು ತರಲು ಹೇಳುತ್ತಾರೆ. ಆ ಪೆಟ್ಟಿಗೆ ಯಾವ ಗೂಢಲಿಪಿಯನ್ನಾದರೂ ಒಡೆಯಬಲ್ಲದು. ಕದ್ದು ಕೊಟ್ಟ ಮೇಲೆ ಗೊತ್ತಾಗುತ್ತದೆ, ಬಂದವರು ಸರ್ಕಾರದವರೇ ಅಲ್ಲ!

ತಾರಾಗಣವೋ ಒಂದು ಜಾತ್ರೆ. ರಾಬರ್ಟ್ ರೆಡ್‌ಫೋರ್ಡ್, ಸಿಡ್ನಿ ಪಾಯ್ಟಿಯರ್, ನಮ್ಮವರಿಗೆ ‘ಗಾಂಧಿ’ಯಾಗಿ ಪರಿಚಿತರಾದ ಬೆನ್ ಕಿಂಗ್ಸ್‌ಲಿ, ಡ್ಯಾನ್ ಅಕ್ರಾಯ್ಡ್, ರಿವರ್ ಫೀನಿಕ್ಸ್, ಮೇರಿ ಮೆಕ್‌ಡೊನೆಲ್. ಅಂಧ ಧ್ವನಿತಜ್ಞನ ಪಾತ್ರದಲ್ಲಿ ಡೇವಿಡ್ ಸ್ಟ್ರೆತೈರ್ನ್. ನಿರ್ದೇಶಕ ಫಿಲ್ ಆಲ್ಡನ್ ರಾಬಿನ್ಸನ್. ಕಾರಿನ ಡಿಕ್ಕಿಯಲ್ಲಿ ಬಂಧಿಯಾಗಿ ಪಯಣಿಸಿದ ಮಾರ್ಟಿನ್ ದಾರಿಯಲ್ಲಿ ಕೇಳಿದ ಸದ್ದುಗಳನ್ನು ನೆನಪಿಸಿಕೊಂಡು ಹೇಳುತ್ತಾ ಹೋದಂತೆ, ಕಣ್ಣಿಲ್ಲದ ಗೆಳೆಯ ಯಾವ ಸೇತುವೆ, ಯಾವ ರಸ್ತೆ ಎಂದು ಗುರುತು ಹಿಡಿಯುವ ದೃಶ್ಯ ಯಾವ ಪಕ್ಷದ ಪ್ರೇಕ್ಷಕನಿಗೂ ಇಷ್ಟವಾಗುವಂಥದ್ದು. ದೊಡ್ಡ ಔತಣಕೂಟದ ಗಲಾಟೆಯಂತೆ ಕೇಳಿಸಿದ್ದು ಬಾತುಕೋಳಿ ಜಾತಿಯ ಹಕ್ಕಿಗಳ ಕೂಗು ಎಂದು ಗೊತ್ತಾದಾಗ ನಗುವೂ ಬರುತ್ತದೆ, ಮೆಚ್ಚುಗೆಯೂ ಹುಟ್ಟುತ್ತದೆ.

ಇನ್ನು ‘ಹೀಗೆಲ್ಲ ಆಗುವುದಿಲ್ಲ’ ಎನ್ನುವ ಮೂರನೆಯ ಪಕ್ಷದ ಆಕ್ಷೇಪ. ಈ ಚಿತ್ರದ ಮಟ್ಟಿಗೆ ಅದು ಅರ್ಧ ಮಾತ್ರ ನಿಜ. ಎಲ್ಲ ಬೀಗಕ್ಕೂ ಒಂದೇ ಕೀಲಿಕೈ ಎನ್ನುವ ಕಪ್ಪು ಪೆಟ್ಟಿಗೆ ಕಲ್ಪನೆಯೇ ಸರಿ. ಆದರೆ ತಂಡದವರು ಬಾಗಿಲುಗಳನ್ನು ದಾಟುವ ಬಗೆ ನೋಡಿ. ಗಣಿತಜ್ಞನ ಸಂಸ್ಥೆಯ ಕಾವಲುಗಾರನ ಮುಂದೆ ಒಬ್ಬ ಸಾಮಾನು ತಂದವನಂತೆ ನಿಂತು ತಗಾದೆ ತೆಗೆಯುತ್ತಾನೆ. ಅದೇ ಹೊತ್ತಿಗೆ ಇನ್ನೊಬ್ಬ ಎರಡೂ ಕೈಯಲ್ಲಿ ಕೇಕು, ಬಲೂನು ಹಿಡಿದು ಬಂದು, ಮೇಲೆ ಪಾರ್ಟಿ ಇದೆ, ಬೇಗ ಬಾಗಿಲು ತೆಗಿ ಎಂದು ರೇಗುತ್ತಾನೆ. ತಲೆಕೆಟ್ಟ ಕಾವಲುಗಾರ ಗುಂಡಿ ಒತ್ತಿಬಿಡುತ್ತಾನೆ. ಒಳಗೆ ಅಂಕಿ ಒತ್ತಿ ತೆರೆಯುವ ಇಲೆಕ್ಟ್ರಾನಿಕ್ ಬೀಗ ಎದುರಾಗುತ್ತದೆ. ಗೆಳೆಯರ ಸಲಹೆ ಕೇಳುತ್ತಾನೆ. ಕೇಳಿದ ಮೇಲೆ ಮಾಡುವುದೇನು? ಬಾಗಿಲನ್ನು ಕಾಲಿನಿಂದ ಒದೆಯುವುದು!

ಕೊನೆಯ ಕನ್ನಕ್ಕೆ ಬೇಕಾದದ್ದು ಒಬ್ಬ ನೌಕರನ ಧ್ವನಿ. ಬಾಗಿಲಿನ ಯಂತ್ರ ಅವನ ಧ್ವನಿಯನ್ನು ಗುರುತಿಸಿದರಷ್ಟೇ ತೆರೆಯುವುದು. ತಂಡದವರು ಮೊದಲು ಅವನ ಮನೆಯ ಕಸದ ಚೀಲ ಹೊತ್ತು ತರುತ್ತಾರೆ. ಅವನು ಏನು ತಿನ್ನುತ್ತಾನೆ, ಟೂತ್‌ಪೇಸ್ಟ್ ಟ್ಯೂಬನ್ನು ಎಷ್ಟು ಅಚ್ಚುಕಟ್ಟಾಗಿ ಮಡಿಚುತ್ತಾನೆ ಎಂಬುದರಿಂದಲೇ ಅವನ ಸ್ವಭಾವ ತಿಳಿಯುತ್ತದೆ. ಆಮೇಲೆ ತಂಡದ ಗೆಳತಿ ಅವನೊಂದಿಗೆ ಊಟಕ್ಕೆ ಹೋಗಿ, ಬೇಕಾದ ಒಂದೊಂದೇ ಪದವನ್ನು ಅವನ ಬಾಯಿಂದ ಹೊರಡಿಸಿ ಧ್ವನಿಮುದ್ರಿಸಿಕೊಳ್ಳುತ್ತಾಳೆ. ಒಂದು ಪದಕ್ಕಾಗಿ ಅವಳು ಪಡುವ ಪಾಡು ಚಿತ್ರದ ಅತ್ಯಂತ ನಗೆಯ ಪ್ರಸಂಗ.

ಇಷ್ಟರಲ್ಲಿ ಕಂಪ್ಯೂಟರ್ ಎಲ್ಲಿ ಬಂತು? ಬಂದದ್ದು ಬಹಳ ಕಡಿಮೆ. ಕಾವಲುಗಾರನ ಸಿಡುಕು, ಒಂಟಿ ನೌಕರನ ಆಸೆ, ಬಿಸಾಡಿದ ಕಸ, ಸರ್ಕಾರಿ ಗುರುತಿನ ಚೀಟಿಯ ಮುಂದೆ ಮಾರ್ಟಿನ್‌ನ ಅಂಜಿಕೆ. ಕನ್ನ ಬಿದ್ದದ್ದು ಇವುಗಳಲ್ಲಿ. ಬಿಡುಗಡೆಯಾದಾಗ ಷಿಕಾಗೊದ ಹೆಸರಾಂತ ವಿಮರ್ಶಕ ರೋಜರ್ ಎಬರ್ಟ್ ಅವರಿಗೆ ಚಿತ್ರ ಅಲ್ಲಲ್ಲಿ ರಂಜಿಸಿದರೂ ತೆಳು ಎನಿಸಿತ್ತು. ಆದರೆ ಕಂಪ್ಯೂಟರ್ ಭದ್ರತೆಯ ಕೆಲಸ ಮಾಡುವವರಲ್ಲಿ ಅದಕ್ಕೆ ವರ್ಷದಿಂದ ವರ್ಷಕ್ಕೆ ಅಭಿಮಾನಿಗಳು ಹೆಚ್ಚಿದರು. ಪರದೆಯ ಮೇಲೆ ಹಸಿರು ಅಕ್ಷರಗಳು ಸುರಿಯುವ ಎಷ್ಟೋ ಚಿತ್ರಗಳಿಗಿಂತ ಈ ಕೇಕು ಬಲೂನಿನ ಚಿತ್ರವೇ ತಮ್ಮ ಕಸುಬಿಗೆ ಹತ್ತಿರ ಎಂಬುದು ಅವರ ಮೆಚ್ಚುಗೆಗೆ ಕಾರಣ.

ಗಣಿತವನ್ನೂ ಚಿತ್ರ ತೀರಾ ಹಗುರವಾಗಿ ತೆಗೆದುಕೊಂಡಿಲ್ಲ. ಚಿತ್ರದ ಗಣಿತಜ್ಞ ಭಾಷಣ ಮಾಡುವ ದೃಶ್ಯಕ್ಕೆ ನೆರವಾದವರು ಲೆನರ್ಡ್ ಏಡಲ್ಮನ್. 1977ರಲ್ಲಿ ರಿವೆಸ್ಟ್, ಶಮೀರ್ ಅವರೊಂದಿಗೆ ‘ಆರ್‌ಎಸ್‌ಎ’ ಗೂಢಲಿಪಿಯನ್ನು ರೂಪಿಸಿದ ಏಡಲ್ಮನ್ ಅವರೇ ಇವರು. ಹೆಸರಿನ ಮೂರನೆಯ ಅಕ್ಷರ ಅವರದ್ದು. ನೆರವಾಗಲು ಅವರು ಹಾಕಿದ ಷರತ್ತು ತಮಾಷೆಯದು: ತಮ್ಮ ಪತ್ನಿಗೆ ರಾಬರ್ಟ್ ರೆಡ್‌ಫೋರ್ಡ್ ಅವರನ್ನು ಭೇಟಿ ಮಾಡಿಸಬೇಕು! ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಕೊಟ್ಟು ಆ ಎರಡನ್ನು ಹುಡುಕು ಎಂದರೆ ಅಸಾಧ್ಯದಷ್ಟು ಕಷ್ಟ. ಆ ಗೂಢಲಿಪಿ ನಿಂತಿರುವುದು ಈ ಕಷ್ಟದ ಮೇಲೆ. ಪಿಯುಸಿಯ ಗಣಿತ ಓದಿದವರಿಗೂ ಇದರ ತಿರುಳು ತಿಳಿಯುತ್ತದೆ. ಚಿತ್ರ ಬಂದ ಎರಡೇ ವರ್ಷಕ್ಕೆ, 1994ರಲ್ಲಿ, ಕ್ವಾಂಟಮ್ ಕಂಪ್ಯೂಟರ್ ಎಂಬ ಹೊಸ ಬಗೆಯ ಯಂತ್ರ ಇದ್ದರೆ ಆ ಕಷ್ಟ ಕರಗುತ್ತದೆ ಎಂದು ಪೀಟರ್ ಶೋರ್ ತೋರಿಸಿದರು. ಅಂಥ ಯಂತ್ರಕ್ಕೂ ಬಗ್ಗದ ಹೊಸ ಗೂಢಲಿಪಿಗಳ ಮಾನದಂಡವನ್ನು ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಕಪ್ಪು ಪೆಟ್ಟಿಗೆಯ ಭಯ ಪೂರ್ತಿ ಬೊಗಳೆಯಾಗಿರಲಿಲ್ಲ ಎಂದಾಯಿತು.

ಅಧ್ಯಕ್ಷರು ಕೇಳಿದ ಪ್ರಶ್ನೆ

ಪ್ರೇಕ್ಷಕನ ಅಭಿಪ್ರಾಯ ಎಂದರೆ ಹರಟೆಯ ಮಾತು ಎನ್ನುವವರು ಇದೇ ಲೇಖಕರ ಇನ್ನೊಂದು ಚಿತ್ರದ ಕಥೆ ಕೇಳಬೇಕು. ಲಾರೆನ್ಸ್ ಲಾಸ್ಕರ್ ಮತ್ತು ವಾಲ್ಟರ್ ಪಾರ್ಕ್ಸ್ ‘ಸ್ನೀಕರ್ಸ್’ಗೆ ಮೊದಲು ಬರೆದದ್ದು ‘ವಾರ್‌ಗೇಮ್ಸ್’. ಬಂದದ್ದು 1983ರ ಜೂನ್‌ನಲ್ಲಿ. ಅದರ ನಾಯಕ ಹೈಸ್ಕೂಲು ಹುಡುಗ. ಶಾಲೆಯ ಕಂಪ್ಯೂಟರಿಗೆ ಮನೆಯಿಂದಲೇ ಇಳಿದು ತನ್ನ ಮತ್ತು ಗೆಳತಿಯ ಅಂಕ ತಿದ್ದುತ್ತಾನೆ. ಪಾಸ್‌ವರ್ಡ್ ಸಿಕ್ಕಿದ್ದು ಹೇಗೆ? ತಪ್ಪು ಮಾಡಿ ಶಾಲೆಯ ಕಚೇರಿಗೆ ಕಳಿಸಿದಾಗಲೆಲ್ಲ ಅಲ್ಲಿ ಬರೆದಿಟ್ಟ ಪಟ್ಟಿಯನ್ನು ಓದಿಕೊಂಡು ಬರುತ್ತಿದ್ದ! ಹೊಸ ಪದ ಬಂದಂತೆ ಹಳೆಯದನ್ನು ಹೊಡೆದು ಕೆಳಗೆ ಬರೆಯುವ ಪದ್ಧತಿ. ಯಾವ ಶಾಲೆಯ ಯಾವ ಕಚೇರಿಯ ಮೇಜಿನಲ್ಲಿ ಅಂಥದೊಂದು ಚೀಟಿ ಅಂಟಿಲ್ಲ ಎಂದು ಎದೆ ಮುಟ್ಟಿಕೊಂಡು ಹೇಳುವವರು ಇಂದಿಗೂ ಕಡಿಮೆ. ಆಟವೆಂದುಕೊಂಡು ಆ ಹುಡುಗ ಸೇನೆಯ ಕಂಪ್ಯೂಟರನ್ನೇ ಹೊಕ್ಕಾಗ ಅಣುಯುದ್ಧ ಶುರುವಾಗುವ ಹಂತಕ್ಕೆ ಬರುತ್ತದೆ.

ಆ ಚಿತ್ರವನ್ನು ವಾರಾಂತ್ಯದ ವಿಶ್ರಾಂತಿಯಲ್ಲಿ ನೋಡಿದ ಒಬ್ಬ ಪ್ರೇಕ್ಷಕರು ಅಮೆರಿಕದ ಅಂದಿನ ಅಧ್ಯಕ್ಷ ರೊನಾಲ್ಡ್ ರೇಗನ್. ಅವರೂ ಮೊದಲು ಸಿನಿಮಾ ನಟರೇ. ಕೆಲವು ದಿನಗಳ ನಂತರ ಸಭೆಯೊಂದರಲ್ಲಿ ಅವರು ಕಥೆಯನ್ನೆಲ್ಲ ಹೇಳಿ, ಹೀಗೆ ನಿಜವಾಗಿ ನಡೆಯಬಹುದೇ ಎಂದು ಸೇನಾ ಮುಖ್ಯಸ್ಥ ಜನರಲ್ ಜಾನ್ ವೆಸ್ಸಿ ಅವರನ್ನು ಕೇಳಿದರು. ವಾರದ ನಂತರ ಜನರಲ್ ತಂದ ಉತ್ತರ: ಪರಿಸ್ಥಿತಿ ತಾವು ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿದೆ. 1984ರ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ಕಂಪ್ಯೂಟರ್‌ಗಳ ರಕ್ಷಣೆಗೆ ಅಧ್ಯಕ್ಷರ ಆದೇಶ ಹೊರಟಿತು. 1986ರಲ್ಲಿ ಕಂಪ್ಯೂಟರ್ ವಂಚನೆಯ ವಿರುದ್ಧ ಅಮೆರಿಕದಲ್ಲಿ ಪ್ರತ್ಯೇಕ ಕಾಯ್ದೆಯೇ ಬಂತು. ‘ಬರೀ ಬೊಗಳೆ’ ಎಂದು ಎದ್ದುಹೋಗದೆ ‘ನಿಜವೇ?’ ಎಂದು ಕೇಳಿದ್ದರಿಂದ ಆದ ಲಾಭ ಇದು.

ನಮ್ಮಲ್ಲಿ ‘ಗುಳ್ಟು’

ಕನ್ನಡದಲ್ಲಿ ಈ ಜಾತಿಯ ಚಿತ್ರ ಬರಲು ಬಹಳ ಕಾಲ ಬೇಕಾಯಿತು. ಕಳ್ಳನ ಮೇಲೆ ನಮ್ಮವರಿಗೆ ಪ್ರೀತಿ ಇಲ್ಲವೆಂದಲ್ಲ. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಗೋಡೆಗೆ ಕನ್ನ ಕೊರೆಯುವ ಶರ್ವಿಲಕ, ಅಳತೆದಾರ ಇಲ್ಲದ್ದಕ್ಕೆ ಜನಿವಾರದಿಂದಲೇ ಅಳೆದು ಅಂದವಾಗಿ ಕೊರೆಯುವ ಕಲಾವಿದ. ಆ ನಾಟಕವನ್ನು ಆಧರಿಸಿ ಗಿರೀಶ ಕಾರ್ನಾಡರು 1984ರಲ್ಲಿ ಹಿಂದಿಯಲ್ಲಿ ‘ಉತ್ಸವ್’ ಮಾಡಿದಾಗ ಕಳ್ಳನಾಗಿ ಕಾಣಿಸಿಕೊಂಡವರು ನಮ್ಮ ಶಂಕರನಾಗ್. ಆದರೆ ಗೋಡೆಯ ಬದಲು ಕಂಪ್ಯೂಟರಿಗೆ ಕನ್ನ ಹಾಕುವ ಕಥೆ ಕನ್ನಡದಲ್ಲಿ ಎಲ್ಲರ ಮಾತಿಗೆ ಬಂದದ್ದು 2018ರ ಮಾರ್ಚ್ ಕೊನೆಯಲ್ಲಿ ತೆರೆಕಂಡ ‘ಗುಳ್ಟು’ವಿನಿಂದ. ಜನಾರ್ದನ ಚಿಕ್ಕಣ್ಣ ಅವರ ಮೊದಲ ನಿರ್ದೇಶನ. ನವೀನ್ ಶಂಕರ್, ಸೋನು ಗೌಡ ಮುಖ್ಯ ಪಾತ್ರಗಳಲ್ಲಿ. ಎಂಜಿನಿಯರಿಂಗ್ ಹುಡುಗರ ತಮಾಷೆ, ಪ್ರೇಮ, ಉದ್ಯೋಗದ ಪರದಾಟಗಳಿಂದ ಹೊರಟು ಜನರ ಮಾಹಿತಿಯ ಕಳ್ಳತನಕ್ಕೆ ತಿರುಗುವ ಕಥೆ. ದೊಡ್ಡ ತಾರೆಗಳಿಲ್ಲದ ಈ ಚಿತ್ರವನ್ನು ನೋಡಿದವರು ನೋಡದವರಿಗೆ ಹೇಳಿದರು. ‘ಗುಳ್ಟು’ ಎನ್ನುವುದು ನವೀನ್ ಅವರ ಹೆಸರಿನ ಹಿಂದೆ ಅಂಟಿಕೊಂಡುಬಿಟ್ಟಿತು.

ಚಿತ್ರಕ್ಕೆ ಕಾಲವೂ ಕೂಡಿಬಂತು ಎನ್ನಬೇಕು. ಕೋಟ್ಯಂತರ ಫೇಸ್‌ಬುಕ್ ಬಳಕೆದಾರರ ಮಾಹಿತಿಯನ್ನು ಕೇಂಬ್ರಿಜ್ ಅನಲಿಟಿಕಾ ಎಂಬ ಸಂಸ್ಥೆ ರಾಜಕೀಯಕ್ಕೆ ಬಳಸಿಕೊಂಡಿತೆಂಬ ಸುದ್ದಿ ಸ್ಫೋಟಿಸಿದ್ದು ಬಿಡುಗಡೆಗೆ ಎರಡು ವಾರದ ಹಿಂದೆ, ಮಾರ್ಚ್ 17ರಂದು. ಅದೇ ಜನವರಿಯಲ್ಲಿ, 500 ರೂಪಾಯಿ ಕೊಟ್ಟರೆ ಆಧಾರ್ ವಿವರ ನೋಡಲು ದಾರಿ ಸಿಗುತ್ತದೆ ಎಂದು ‘ದಿ ಟ್ರಿಬ್ಯೂನ್’ ಪತ್ರಿಕೆ ವರದಿ ಮಾಡಿತ್ತು. ಅದಕ್ಕೂ ಮೊದಲು, 2017ರ ಆಗಸ್ಟ್‌ನಲ್ಲಿ, ಐಐಟಿಯಲ್ಲಿ ಓದಿದ ಯುವ ಎಂಜಿನಿಯರೊಬ್ಬನನ್ನು ಬೆಂಗಳೂರು ಪೊಲೀಸರು ಬಂಧಿಸಿದ್ದರು. ಆಧಾರ್ ವಿವರ ಪರಿಶೀಲಿಸುವ ತನ್ನ ಆ್ಯಪ್‌ಗಾಗಿ ಸರ್ಕಾರಿ ಆಸ್ಪತ್ರೆಗಳ ಆನ್‌ಲೈನ್ ವ್ಯವಸ್ಥೆಯನ್ನು ಅನುಮತಿಯಿಲ್ಲದೆ ಬಳಸಿಕೊಂಡ ಎಂಬುದು ಅವನ ಮೇಲಿದ್ದ ಆರೋಪ. ಈ ಸುದ್ದಿಗಳನ್ನು ಓದಿಕೊಂಡು ಚಿತ್ರಮಂದಿರ ಹೊಕ್ಕವನಿಗೆ ‘ಇದೆಲ್ಲ ನಡೆಯುತ್ತದೆಯೇ’ ಎಂದು ಕೇಳುವ ಅಗತ್ಯ ಇರಲಿಲ್ಲ.

ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ‘ಸ್ನೀಕರ್ಸ್’ ಕಾಲದಲ್ಲಿ ಕದಿಯಬೇಕಾದ ಗುಟ್ಟು ದೊಡ್ಡವರದು: ಸರ್ಕಾರ, ಬ್ಯಾಂಕು, ಬೇಹುಗಾರರು. ‘ಗುಳ್ಟು’ ಕಾಲಕ್ಕೆ ಅದು ಸಾಮಾನ್ಯರದು: ಫೋನ್ ಸಂಖ್ಯೆ, ಬೆರಳಚ್ಚು, ಖಾತೆಯ ವಿವರ. ಕನ್ನಡದ ಪ್ರೇಕ್ಷಕ ಬೆಚ್ಚಿದ್ದು ಅದಕ್ಕೇ.

ಪಾಲಾರ್ ಕಲಿಸಿದ್ದು

ಮಹದೇಶ್ವರ ಬೆಟ್ಟ ಇಳಿದು ಮೆಟ್ಟೂರಿನ ಕಡೆ ಹೊರಟರೆ ರಾಜ್ಯ ಮುಗಿಯುವಲ್ಲಿ ಪಾಲಾರ್. ಅದೇ ಹೆಸರಿನ ಹೊಳೆ ಅಲ್ಲಿ ಕಾವೇರಿಯನ್ನು ಸೇರುತ್ತದೆ. ಇತ್ತ ಹನೂರು ತಾಲ್ಲೂಕು, ಅತ್ತ ತಮಿಳುನಾಡು. ಹ್ಯಾಕರ್ ಚಿತ್ರಕ್ಕೂ ಈ ಕಾಡಿನ ಗಡಿಗೂ ಏನು ಸಂಬಂಧ ಎನ್ನಬಹುದು. ‘ಯಂತ್ರಕ್ಕಿಂತ ಮನುಷ್ಯನ ನಂಬಿಕೆಗೇ ಮೊದಲು ಕನ್ನ’ ಎಂಬ ಚಿತ್ರದ ಮಾತನ್ನು ಒಂದೂ ಕಂಪ್ಯೂಟರ್ ಇಲ್ಲದೆ ಕಂಡ ಸೀಮೆ ಇದು.

ಈ ಬೆಟ್ಟಗಳಲ್ಲಿ ಕಂಸಾಳೆಯವರು ಹಾಡುವ ಮಲೆ ಮಹದೇಶ್ವರ ಕಾವ್ಯದಲ್ಲೇ ಅದರ ಬೇರು ಸಿಗುತ್ತದೆ. ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣಾಸುರನನ್ನು ಮಾದಪ್ಪ ಕೊಲ್ಲುವುದು ಕತ್ತಿ ಹಿಡಿದು ಅಲ್ಲ. ಹರಳಯ್ಯನ ಕೈಯಲ್ಲಿ ಮಾಡಿಸಿದ ಪಾದರಕ್ಷೆಯ ಉಪಾಯದಿಂದ. ಮೆಟ್ಟುವ ಆಸೆಯೇ ಅಸುರನ ಬಲಹೀನತೆ. ಇಲ್ಲಿಯ ಹಿರಿಯರಿಗೆ ‘ಸ್ನೀಕರ್ಸ್’ ಕಥೆ ಹೇಳಿದರೆ, ಇದು ನಮಗೆ ಗೊತ್ತಿರುವ ಕಥೆಯೇ ಎಂದಾರು.

ಇನ್ನೊಂದು ನೆನಪು ತಮಾಷೆಯದಲ್ಲ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡ ಹುಗಿದಿಟ್ಟ ನೆಲಬಾಂಬುಗಳು ಸಿಡಿದು ಪೊಲೀಸರು, ಅರಣ್ಯ ಸಿಬ್ಬಂದಿ, ಮಾಹಿತಿದಾರರು ಸೇರಿ 22 ಮಂದಿ ಸತ್ತರು. ಅವನನ್ನು ಹಿಡಿಯಲು ಎರಡು ರಾಜ್ಯಗಳ ವಿಶೇಷ ಕಾರ್ಯಪಡೆ, ಗಡಿ ಭದ್ರತಾ ಪಡೆ, ಬಂದೂಕು, ಬಹುಮಾನದ ಘೋಷಣೆ ಎಲ್ಲವೂ ಬಂದವು. ವಿಚಾರಣೆಯ ಹೆಸರಿನಲ್ಲಿ ಹಳ್ಳಿಗರೂ ಸೋಲಿಗರೂ ಪಟ್ಟ ಹಿಂಸೆ ಬೇರೆಯದೇ ಒಂದು ಕಥೆ. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣವಾದಾಗ 108 ದಿನ ನಾಡು ಕಾದದ್ದು ಕಾಡಿನಿಂದ ಬರುವ ಕ್ಯಾಸೆಟ್‌ಗಳಿಗೆ. ಧ್ವನಿಯೇ ಅಲ್ಲಿ ಸಾಕ್ಷಿ, ಧ್ವನಿಯೇ ಗುರುತಿನ ಚೀಟಿ.

ಬಂದೂಕಿಗೆ ಸಿಗದವನು ಸಿಕ್ಕಿದ್ದು ಹೇಗೆ? ಪೊಲೀಸರ ವಿವರಣೆಯ ಪ್ರಕಾರ, ತಮಿಳುನಾಡು ಕಾರ್ಯಪಡೆಯವರು ಅವನ ಬಳಗದೊಳಗೆ ನಂಬಿಕೆ ಗಳಿಸಿದರು. ಕಣ್ಣು ಮಂಜಾಗಿದ್ದ ಅವನಿಗೆ ಚಿಕಿತ್ಸೆಗೆ ಕರೆದೊಯ್ಯುವ ಭರವಸೆ ಕೊಡಿಸಿದರು. 2004ರ ಅಕ್ಟೋಬರ್ 18ರ ರಾತ್ರಿ ಆಂಬುಲೆನ್ಸ್ ಬಂತು, ಅವನು ತಾನಾಗಿ ಹತ್ತಿದ. ಚಾಲಕನೂ ಪೊಲೀಸ್! ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಹತ್ತಿರ ಗುಂಡು ಹಾರಿದವು. ಹತ್ತಿರ ಹತ್ತಿರ ಇಪ್ಪತ್ತು ವರ್ಷದ ಬೇಟೆ ಮುಗಿದದ್ದು ಹೀಗೆ, ಒಂದು ವೇಷ, ಒಂದು ವಾಹನ ಮತ್ತು ಒಬ್ಬನ ಅಗತ್ಯದ ಮೇಲೆ. ಕೇಕು ಬಲೂನಿನ ಜಾಗದಲ್ಲಿ ಆಂಬುಲೆನ್ಸ್ ಇತ್ತು ಅಷ್ಟೆ.

ಈಗ ಅದೇ ವಿದ್ಯೆ ಫೋನಿನಲ್ಲಿ ಬರುತ್ತಿದೆ. ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ಕಾರ್ಡು ಬಂದ್ ಆಗುತ್ತದೆ, ಒಟಿಪಿ ಹೇಳಿ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ವಿಡಿಯೊ ಕರೆ ಕಡಿಯಬೇಡಿ, ನೀವು ಡಿಜಿಟಲ್ ಬಂಧನದಲ್ಲಿದ್ದೀರಿ. ಅಂಥ ಬಂಧನವೇ ಕಾನೂನಿನಲ್ಲಿ ಇಲ್ಲ ಎಂದು ಪ್ರಧಾನಿಯವರೇ 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಹೇಳಬೇಕಾಯಿತು. ಚಿತ್ರದಲ್ಲಿ ನೌಕರನ ಧ್ವನಿ ಕದಿಯಲು ಒಂದು ಸಂಜೆ, ಒಂದು ಊಟ ಬೇಕಾಗಿತ್ತು. ಇಂದಿನ ಯಂತ್ರಗಳಿಗೆ ಯಾರದ್ದೋ ವಿಡಿಯೊದಲ್ಲಿನ ಕೆಲವು ಕ್ಷಣದ ಮಾತು ಸಾಕು. ಬೆಂಗಳೂರಿನಲ್ಲಿ ಓದುವ ಮಗನ ದನಿಯಲ್ಲೇ ‘ಅಪ್ಪಾ, ಆಸ್ಪತ್ರೆಯಲ್ಲಿದ್ದೀನಿ, ದುಡ್ಡು ಹಾಕು’ ಎಂಬ ಕರೆ ಬರಬಹುದು. ಕರೆ ಕಡಿದು, ಮಗನ ಸಂಖ್ಯೆಗೆ ತಾವೇ ಕರೆ ಮಾಡುವುದು ಸರಳ ಉಪಾಯ. ಹಣ ಹೋಗಿಯೇ ಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಣ ಕಳ್ಳನ ಖಾತೆಯಿಂದ ಮುಂದಕ್ಕೆ ಜಾರುವ ಮೊದಲು ತಡೆಹಿಡಿಯಲು ಮೊದಲ ಗಂಟೆಗಳೇ ಮುಖ್ಯ. ಇಂಥ ಚಿತ್ರವನ್ನು ಮಕ್ಕಳು ನೋಡಬಾರದು ಎನ್ನುವ ಹೆತ್ತವರೇ ಒಮ್ಮೆ ಕುಳಿತು ನೋಡುವುದು ಒಳ್ಳೆಯದು. ಮೋಸಗಾರರು ಹುಡುಕಿಕೊಂಡು ಬರುವುದು ಅವರ ಖಾತೆಯನ್ನು.

ಅನುಮತಿಯ ಒಂದು ಹಾಳೆ

ಇನ್ನು ಮಕ್ಕಳ ಪಕ್ಷ. ಚಿತ್ರ ಮುಗಿದ ಮೇಲೆ ‘ನಾನೂ ಹ್ಯಾಕರ್ ಆಗುತ್ತೇನೆ’ ಎನ್ನುವ ಹುಡುಗನಿಗೆ ಬೈಯುವ ಮೊದಲು ಬ್ಯಾಂಕಿನ ಆ ಮೊದಲ ದೃಶ್ಯವನ್ನು ನೆನೆಯಬೇಕು. 1992ರಲ್ಲಿ ಗುಮಾಸ್ತೆಗೆ ವಿಚಿತ್ರವಾಗಿ ಕಂಡ ಉದ್ಯೋಗ ಇಂದು ನಿಜವಾದ ಉದ್ಯೋಗ. ಬ್ಯಾಂಕುಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಗೆ ಹೀಗೆ ಕನ್ನ ಹಾಕಿಸಿ ಆಗಾಗ ಪರೀಕ್ಷಿಸಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ 2016ರ ಜೂನ್‌ನ ಸುತ್ತೋಲೆಯಲ್ಲೇ ವಿಧಿಸಿದೆ. ಹಲವು ಕಂಪನಿಗಳು ತಮ್ಮ ತಂತ್ರಾಂಶದ ದೋಷ ಹುಡುಕಿ ಕೊಟ್ಟವರಿಗೆ ಬಹುಮಾನ ಕೊಡುತ್ತವೆ. ಸರ್ಕಾರಿ ವ್ಯವಸ್ಥೆಗಳಲ್ಲಿ ದೋಷ ಕಂಡರೆ ತಿಳಿಸಲು 2004ರಲ್ಲಿ ಆರಂಭವಾದ ‘ಸರ್ಟ್-ಇನ್’ ಇದೆ.

ಮಾರ್ಟಿನ್‌ಗೂ ಕಳ್ಳನಿಗೂ ಇರುವ ಅಂತರ ಜಾಣ್ಮೆಯದಲ್ಲ. ಬ್ಯಾಂಕಿನವರು ಮೊದಲೇ ಕೊಟ್ಟ ಒಪ್ಪಿಗೆಯ ಕಾಗದದ್ದು. ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂತು. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಮರುವರ್ಷ ಬೆಂಗಳೂರಿನಲ್ಲೇ ತೆರೆಯಿತು. ಆ ಕಾಯ್ದೆಯ 43ನೇ ಕಲಮಿನ ಪ್ರಕಾರ ಒಡೆಯನ ಅನುಮತಿಯಿಲ್ಲದೆ ಕಂಪ್ಯೂಟರ್ ಹೊಕ್ಕರೆ ಪರಿಹಾರ ಕಟ್ಟಿಕೊಡಬೇಕು. ಅದನ್ನೇ ಅಪ್ರಾಮಾಣಿಕವಾಗಿ, ಮೋಸದ ಉದ್ದೇಶದಿಂದ ಮಾಡಿದರೆ 66ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ ಅಥವಾ ಎರಡೂ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದಕ್ಕೆ ಬೇರೆ ಕಲಮು, ಬೇರೆಯವರೆಂದು ಹೇಳಿಕೊಂಡು ವಂಚಿಸುವುದಕ್ಕೆ ಇನ್ನೊಂದು. ಗೆಳೆಯನ ಇನ್‌ಸ್ಟಾಗ್ರಾಂ ಖಾತೆ ತೆರೆದು ತೋರಿಸುವ ಪಂದ್ಯ ಕಟ್ಟುವ ಹಾಸ್ಟೆಲ್ ಹುಡುಗರಿಗೆ ಈ ಕಲಮುಗಳ ಸಂಖ್ಯೆ ಗೊತ್ತಿರುವುದಿಲ್ಲ. ಕಾಲೇಜಿನ ಜಾಲತಾಣದಲ್ಲಿ ತೂತು ಕಂಡ ಹುಡುಗಿಗೆ, ಅದರೊಳಗೆ ಕೈ ಹಾಕಿ ನೋಡುವುದು ಬೇರೆ, ಪ್ರಾಂಶುಪಾಲರಿಗೆ ಬರೆದು ತಿಳಿಸುವುದು ಬೇರೆ ಎಂದು ಹೇಳಿಕೊಡುವವರೂ ಇರುವುದಿಲ್ಲ.

ಆ ಎರಡರ ನಡುವಿನ ಗೆರೆಯ ಮೇಲೆ ‘ಸ್ನೀಕರ್ಸ್’ನ ಕೊನೆಯ ದೃಶ್ಯ ಬೇಕೆಂದೇ ಕಾಲಿಟ್ಟು ನಿಲ್ಲುತ್ತದೆ. ಪೆಟ್ಟಿಗೆ ಬೇಕೆಂದು ಈ ಸಾರಿ ನಿಜವಾದ ಸರ್ಕಾರದವರೇ ಬರುತ್ತಾರೆ. ತಂಡದವರು ಒಬ್ಬೊಬ್ಬರಾಗಿ ಬೆಲೆ ಕೇಳುತ್ತಾರೆ: ಒಬ್ಬನಿಗೆ ಮನೆಯಂಥ ವಾಹನ, ಎಳೆಯನಿಗೆ ಎದುರು ಬಂದೂಕು ಹಿಡಿದು ನಿಂತ ಹುಡುಗಿಯ ಫೋನ್ ಸಂಖ್ಯೆ, ಅಂಧ ಗೆಳೆಯನಿಗೆ ಲೋಕಶಾಂತಿ. ಲೋಕಶಾಂತಿ ಕೊಡಲು ನಮ್ಮಿಂದ ಆಗದು ಎಂದು ಅಧಿಕಾರಿ ಪೇಚಾಡುತ್ತಾನೆ. ಪೆಟ್ಟಿಗೆ ಒಯ್ದ ಮೇಲೆ ಗೊತ್ತಾಗುವುದು, ಅದರ ಜೀವಾಳದ ಚಿಪ್ಪನ್ನು ಮಾರ್ಟಿನ್ ಕೊಟ್ಟೇ ಇಲ್ಲ! ಕೊನೆಗೆ ಟಿವಿ ವಾರ್ತೆ: ಅಧಿಕಾರದಲ್ಲಿದ್ದ ರಿಪಬ್ಲಿಕನ್ ಪಕ್ಷದ ಸಮಿತಿಯ ಬೊಕ್ಕಸ ಬರಿದಾಗಿದೆ, ಆಮ್ನೆಸ್ಟಿ, ಗ್ರೀನ್‌ಪೀಸ್, ಕಪ್ಪು ವಿದ್ಯಾರ್ಥಿಗಳ ಕಾಲೇಜು ನಿಧಿಗಳಿಗೆ ಎಲ್ಲಿಂದಲೋ ಭಾರಿ ಹಣ ಬಂದಿದೆ. 1969ರಲ್ಲಿ ಅವನು ಬಿಟ್ಟು ಓಡಿದ ಆಟ ಮತ್ತೆ ಶುರು. ಈ ಸಲ ಯಾರ ಒಪ್ಪಿಗೆಯ ಕಾಗದವೂ ಇಲ್ಲ.

ಮಕ್ಕಳು ಇಲ್ಲಿ ಚಪ್ಪಾಳೆ ತಟ್ಟುತ್ತಾರೆ. ಬಡವರಿಗೆ, ಓದುವವರಿಗೆ ತಾನೇ ಹೋದದ್ದು ಎನ್ನುತ್ತಾರೆ. ಯಾರ ದುಡ್ಡನ್ನು ಯಾರು ಹಂಚಿದರು ಎಂದು ಅಪ್ಪ ಕೇಳುತ್ತಾರೆ. ಅಡುಗೆಮನೆಯಿಂದ ಅಮ್ಮ, ಆ ಇನ್ನೊಬ್ಬ ಗೆಳೆಯ ಕಾಸ್ಮೊ ಜೈಲಿಗೆ ಹೋದದ್ದು ಇದಕ್ಕೇ ಅಲ್ಲವೇನ್ರೀ ಎಂದು ನೆನಪಿಸುತ್ತಾರೆ.